ಸಿದ್ದಿ ಮಹಿಳೆಯರ ಕವಂದಿ: ಯಾರ ನೆನಪು, ಯಾರ ಕೈ

ದಖನ್ನಿನ ಹಳೆಯ ಚಿತ್ರಗಳಲ್ಲಿ ಆಫ್ರಿಕಾ ಮೂಲದ ಗಂಡಸರು ಎದ್ದು ಕಾಣುತ್ತಾರೆ. ವಿಜಯಪುರದ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಇಖ್ಲಾಸ್ ಖಾನ್ 17ನೇ ಶತಮಾನದ ಕಿರುಚಿತ್ರವೊಂದರಲ್ಲಿ ಸುಲ್ತಾನನ ಹಿಂದೆ, ಅದೇ ಆನೆಯ ಮೇಲೆ ಕುಳಿತಿದ್ದಾನೆ. ಗುಲಾಮನಾಗಿ ಬಂದು ಅಹ್ಮದ್‌ನಗರದ ರಾಜ್ಯವನ್ನೇ ಕೈಯಲ್ಲಿ ಹಿಡಿದ ಮಲಿಕ್ ಅಂಬರನ ಮುಖವನ್ನು ಹಾಶಿಮ್ ಎಂಬ ಕಲಾವಿದ ತುಂಬ ಗೌರವದಿಂದ ಬರೆದಿದ್ದಾನೆ. ಅಂಬರನನ್ನು ಕಂಡರಾಗದ ಜಹಾಂಗೀರ್, ಅವನ ಕಡಿದ ತಲೆಗೆ ತಾನು ಬಾಣ ಬಿಡುತ್ತಿರುವಂತೆ ಚಿತ್ರ ಬರೆಸಿಕೊಂಡ. ದೊರೆಯ ಆಪ್ತನಾಗಿಯೋ ವೈರಿಯಾಗಿಯೋ ಅಂತೂ ಆ ಗಂಡಸರ ಮುಖ ಉಳಿದಿದೆ. ಅವರ ಜೊತೆಗೇ ಸಮುದ್ರ ದಾಟಿ ಬಂದ ಹೆಂಗಸರು ಹೇಗಿದ್ದರು? ನಾನು ನೋಡಿದ ದಖನ್ನಿ ಚಿತ್ರಗಳಲ್ಲಿ ಹೆಸರು ಹಿಡಿದು ಗುರುತಿಸಬಹುದಾದ ಒಬ್ಬಳೂ ಕಾಣಲಿಲ್ಲ.

ಹಾಗಾಗಿ ಕರ್ನಾಟಕದ ಕಪ್ಪು ಮಹಿಳೆ ತನ್ನನ್ನು ತಾನು ಹೇಗೆ ಕಂಡುಕೊಂಡಳು, ಅದನ್ನು ಕಣ್ಣಿಗೆ ಕಾಣುವಂತೆ ಹೇಗೆ ಹೇಳಿದಳು ಎಂದು ಕೇಳಿದರೆ ಅರಮನೆಯ ಚಿತ್ರಗಳು ನೆರವಿಗೆ ಬರುವುದಿಲ್ಲ. ಉತ್ತರ ಕನ್ನಡದ ಕಾಡಂಚಿನ ಮನೆಗಳಿಗೆ ಹೋಗಬೇಕು. ಅಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹರಿದ ಸೀರೆ, ಲುಂಗಿ, ಅಂಗಿಗಳನ್ನು ಜೋಡಿಸಿ ಹೊಲಿಯುವ ಕವಂದಿಯಿದೆ. ಕಳೆದ ಎರಡು ದಶಕಗಳಲ್ಲಿ ಅದರ ಬಗ್ಗೆ ಸಾಕಷ್ಟು ಬರಹ ಬಂದಿದೆ, ಪ್ರದರ್ಶನಗಳಾಗಿವೆ, ಹೊರದೇಶದ ಸಂಗ್ರಹಗಳಿಗೂ ಅದು ಸೇರಿದೆ. ಇಷ್ಟಾದ ಮೇಲೂ ಅದನ್ನು ಹೇಗೆ ನೋಡಬೇಕು ಎಂಬ ಪ್ರಶ್ನೆ ಬಗೆಹರಿದಿಲ್ಲ. ಆಫ್ರಿಕಾದ ನೆನಪು ಎಂದು ನೋಡಬೇಕೇ? ಬಡತನದ ಜಾಣ್ಮೆ ಎಂದೇ? ಗ್ರಾಮೀಣ ಕರಕುಶಲ ಎಂದೇ? ಅಥವಾ ಒಬ್ಬೊಬ್ಬ ಕಲಾವಿದೆಯ ಕೃತಿ ಎಂದೇ?

ಭಟ್ಕಳ ತಾಲೂಕಿನ ಕಾಯ್ಕಿಣಿಯಲ್ಲಿ ಕೂತು ಇದನ್ನು ಬರೆಯುವುದಕ್ಕೆ ಒಂದು ಕಾರಣವಿದೆ. ಹೊನ್ನಾವರ, ಕುಮಟಾ ದಾಟಿ, ಅಂಕೋಲೆಯಲ್ಲಿ ಬಲಕ್ಕೆ ಹೊರಳಿ ಅರಬೈಲ್ ಘಟ್ಟ ಹತ್ತಿದರೆ ಯಲ್ಲಾಪುರ. ಅಲ್ಲಿಂದ ಮುಂದೆ ಮುಂಡಗೋಡ, ಹಳಿಯಾಳ. ಎಲ್ಲವೂ ನಮ್ಮದೇ ಜಿಲ್ಲೆ. ಆದರೂ ಕರಾವಳಿಯ ನಾವು ಸಿದ್ದಿಯರನ್ನು ಹೆಚ್ಚಾಗಿ ಕಂಡಿರುವುದು ಮೆರವಣಿಗೆಯಲ್ಲಿ, ಡಮಾಮಿ ನೃತ್ಯದ ವೇಷದಲ್ಲಿ, ಓಟದ ಸ್ಪರ್ಧೆಯ ಸುದ್ದಿಯಲ್ಲಿ. ಹೆಣ್ಣಿನ ಕೈಕೆಲಸವನ್ನು ಕಲೆಯೆಂದು ಎಣಿಸದಿರುವುದು ನಮಗೇನೂ ಹೊಸತಲ್ಲ. ಭಟ್ಕಳ ಮಲ್ಲಿಗೆಯನ್ನು ಬೆಳಗಿನ ಬಸ್ಸಿಗೆ ಮೊದಲೇ ಕಟ್ಟಿ ಮುಗಿಸುವ ನಮ್ಮ ಕಡೆಯ ಹೆಂಗಸರ ಬೆರಳಿನ ಲಯವನ್ನು ಯಾರೂ ಕಲೆಯ ಮಾತಿನಲ್ಲಿ ವಿವರಿಸಿಲ್ಲ. ಹಾಲಕ್ಕಿ ಹೆಂಗಸರ ಕೊರಳಿನ ಮಣಿಸರಗಳನ್ನು ಜಗತ್ತು ಗಮನಿಸಿದ್ದು ಅದೇ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ, ತುಳಸಿ ಗೌಡರಿಗೆ ಪದ್ಮಶ್ರೀ ಬಂದಾಗ. ಆಗಲೂ ಅವನ್ನು ಉಡುಪೆಂದು ಕಂಡದ್ದೇ ಹೆಚ್ಚು. ಯಾವ ಬಣ್ಣದ ಪಕ್ಕ ಯಾವ ಬಣ್ಣದ ಮಣಿ ಎಂಬ ಆಯ್ಕೆ ಒಬ್ಬ ಹೆಣ್ಣಿನದು ಎಂದು ಯಾರೂ ಬಿಡಿಸಿ ನೋಡಲಿಲ್ಲ.

ಸಿದ್ದಿಯರ ಪೂರ್ವಜರಲ್ಲಿ ಬಹುಪಾಲು ಜನರನ್ನು ಪೋರ್ಚುಗೀಸರು ಮೊಜಾಂಬಿಕ್ ಮತ್ತು ಪೂರ್ವ ಆಫ್ರಿಕಾದ ಇತರ ಭಾಗಗಳಿಂದ ಗೋವೆಗೆ ಗುಲಾಮರಾಗಿ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಗಡಿ ದಾಟಿ ಈಗಿನ ಜೋಯಿಡಾ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡು ಸೇರಿದರು. ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಕಾಡಿನ ಬದುಕಿನಲ್ಲಿ ಜೀತ, ಒಕ್ಕಲು, ಸಾಲದ ರೂಪದಲ್ಲಿ ಅದು ಬಹಳ ಕಾಲ ಮುಂದುವರಿಯಿತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಟಿ.ಸಿ. ಪಾಲಾಕ್ಷಪ್ಪನವರು 1976ರಲ್ಲೇ ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಪುಸ್ತಕ ಬರೆದರು. ಘಾನಾ ಮೂಲದ ವಿದ್ವಾಂಸ ಪಾಷಿಂಗ್ಟನ್ ಒಬೆಂಗ್ 2007ರಲ್ಲಿ ಅವರ ಧರ್ಮ ಮತ್ತು ರಾಜಕೀಯದ ಕುರಿತು ಬರೆದರು. ಇಂಥ ಅಧ್ಯಯನಗಳಲ್ಲಿ ಮದುವೆ, ಭೂಮಿ, ದೈವ, ಹಾಡು ಮುಖ್ಯವಾದವು. ಹೊಲಿಗೆಗೆ ಕಲೆಯ ಸ್ಥಾನ ಸಿಕ್ಕಿದ್ದು ತಡವಾಗಿ.

ಈ ಚರಿತ್ರೆಯಲ್ಲಿ ಬಟ್ಟೆಗೇ ಒಂದು ಪಾತ್ರವಿದೆ. ಕವಂದಿಯ ಬಗ್ಗೆ ಬರೆಯುವವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮೊಜಾಂಬಿಕ್ ಕರಾವಳಿಯಲ್ಲಿ ಆನೆದಂತವನ್ನೂ ಮನುಷ್ಯರನ್ನೂ ಕೊಳ್ಳಲು ನಡೆಯುತ್ತಿದ್ದ ದೊಡ್ಡ ನಾಣ್ಯವೆಂದರೆ ಭಾರತದ ಹತ್ತಿಬಟ್ಟೆ, ಅದರಲ್ಲೂ ಗುಜರಾತಿನ ನೇಯ್ಗೆ. ದೀವ್‌ನಂಥ ಬಂದರುಗಳಿಂದ ಗಂಟುಗಂಟಾಗಿ ಬಟ್ಟೆ ಅತ್ತ ಹೋಯಿತು. ಹಡಗು ಮರಳುವಾಗ ಅದರಲ್ಲಿ ಜನ ಇದ್ದರು. ಹೀಗೆ ಬಟ್ಟೆಯ ಬೆಲೆಗೆ ಬಿಕರಿಯಾದವರ ಮರಿಮೊಮ್ಮಕ್ಕಳು ಇವತ್ತು ಹರಿದ ಬಟ್ಟೆಯಿಂದ ತಮ್ಮ ಅತ್ಯುತ್ತಮ ಕೆಲಸವನ್ನು ಮಾಡುತ್ತಿದ್ದಾರೆ. ಯಾವ ಕಲಾವಿದೆಯೂ ಯೋಜಿಸಿ ತಂದ ಸಂಕೇತವಲ್ಲ ಇದು, ನಡೆದ ಸಂಗತಿ. ಕವಂದಿಯನ್ನು ನೋಡುವಾಗ ನನ್ನ ಮನಸ್ಸು ಮೊದಲು ಅಲ್ಲಿಗೇ ಹೋಗುತ್ತದೆ.

ಇನ್ನು ಹೊಲಿಗೆಗೆ ಬರೋಣ. ಕೆಳಗೆ ಒಂದು ಹಳೆಯ ಹತ್ತಿಸೀರೆ. ಅದರ ಒಂದು ಮೂಲೆಯಿಂದ ಕೆಲಸ ಶುರು. ಬಟ್ಟೆಯ ತುಂಡನ್ನು ಇಟ್ಟು, ಅದರ ಅಂಚು ಮಡಿಚಿ, ಸಾದಾ ಟಾಕು ಹಾಕುತ್ತ ಅಂಚಿನುದ್ದಕ್ಕೂ ಸಾಗುತ್ತಾರೆ. ಮೂಲೆ ಬಂದಾಗ ತಿರುಗುತ್ತಾರೆ. ನಾಲ್ಕೂ ಅಂಚು ಸುತ್ತಿ ಬಂದ ಮೇಲೆ ಒಳಗಿನ ಸುತ್ತು, ಮತ್ತೆ ಇನ್ನೂ ಒಳಗಿನದು, ಹೀಗೆ ನಡುವಿಗೆ ಬಂದು ಮುಟ್ಟುತ್ತಾರೆ. ತೇಪೆ ಜೋಡಿಸುವುದು, ಪದರುಗಳನ್ನು ಬಿಗಿಯುವುದು, ಅಲಂಕಾರದ ಸಾಲು ಮೂಡಿಸುವುದು ಎಲ್ಲವೂ ಒಂದೇ ಟಾಕಿನಲ್ಲಿ ಆಗುತ್ತದೆ. ಚೌಕಟ್ಟಿಲ್ಲ, ಮೊದಲೇ ಗೆರೆ ಹಾಕಿದ ನಕ್ಷೆಯಿಲ್ಲ. ನೆಲದ ಮೇಲೆ ಹರಡಿಕೊಂಡು ಕೂತು, ಕೈಗೆ ಸಿಕ್ಕ ತುಂಡಿನ ಬಣ್ಣವನ್ನು ಪಕ್ಕದ ತುಂಡಿನ ಬಣ್ಣಕ್ಕೆ ಒಗ್ಗಿಸುತ್ತಲೋ ಎದುರು ನಿಲ್ಲಿಸುತ್ತಲೋ ಮುಂದೆ ಹೋಗಬೇಕು. ಹೊರಗಿನ ಸುತ್ತಿನಲ್ಲಿ ಮಾಡಿದ ಆಯ್ಕೆ ಒಳಗಿನ ಸುತ್ತನ್ನು ಕಟ್ಟಿಹಾಕುತ್ತದೆ. ಅದನ್ನು ಸರಿದೂಗಿಸುವ ಜಾಗ ನಡುವಿನಲ್ಲಿದೆ. ಆದ್ದರಿಂದ ಒಳ್ಳೆಯ ಕವಂದಿಯ ನಡುಭಾಗ ಎಂದೂ ಸಪ್ಪೆಯಾಗಿರುವುದಿಲ್ಲ. ಅಂಚಿನಿಂದ ಅಲ್ಲಿಯವರೆಗೆ ನಡೆದ ಎಲ್ಲ ತೀರ್ಮಾನಗಳ ಒತ್ತಡ ಅಲ್ಲಿ ಕಾಣುತ್ತದೆ.

ಮುಗಿಯುತ್ತ ಬಂದಾಗ ನಾಲ್ಕೂ ಮೂಲೆಗೆ ತ್ರಿಕೋನವಾಗಿ ಮಡಿಚಿದ ಬಟ್ಟೆಯ ಪದರುಗಳನ್ನು ಹೊಲಿಯುತ್ತಾರೆ. ಅದಕ್ಕೆ ‘ಫುಲಾ’, ಹೂವು, ಎಂದು ಹೆಸರು. ಫುಲಾ ಇಲ್ಲದ ಕವಂದಿ ಬತ್ತಲೆ ಇದ್ದಂತೆ ಎಂದು ಅದನ್ನು ಹೊಲಿಯುವವರು ಹೇಳುತ್ತಾರೆ. ಹೊದೆಯುವವನ ಚಳಿಗೆ ಈ ಹೂವಿನಿಂದ ಏನೂ ಆಗಬೇಕಾಗಿಲ್ಲ. ಮೇಲೆ ಅಲ್ಲಲ್ಲಿ ಕೂರಿಸುವ ಕಣ್ಣು ಕುಕ್ಕುವ ಬಣ್ಣದ ಪುಟ್ಟ ತುಂಡುಗಳಿಗೆ ‘ತಿಕೇಲಿ’ ಎನ್ನುತ್ತಾರೆ, ಅವುಗಳಿಂದಲೂ ಬೆಚ್ಚಗಾಗುವುದಿಲ್ಲ. ಕೂಸಿನ ತೊಟ್ಟಿಲಿಗೆ ಹೊಲಿದ ಸಣ್ಣ ಕವಂದಿಗಳಲ್ಲಿ ತಿಕೇಲಿ ಹೆಚ್ಚು. ಬಡತನದ ಜಾಣ್ಮೆ ಎಂಬ ವಿವರಣೆ ಇಲ್ಲಿಗೆ ಬಂದು ನಿಂತುಬಿಡುತ್ತದೆ. ಬಟ್ಟೆ ಉಳಿಸುವುದಷ್ಟೇ ಉದ್ದೇಶವಾಗಿದ್ದರೆ ದಿನವಿಡೀ ಕೂಲಿ ಮಾಡಿ ಬಂದವಳು ಮೂಲೆಗೆ ಹೂವು ಮಡಿಚುತ್ತ ಕೂರುತ್ತಿರಲಿಲ್ಲ.

ಹೊಲಿಯುವವರಲ್ಲಿ ಕ್ರೈಸ್ತ ಮತ್ತು ಮುಸ್ಲಿಂ ಸಿದ್ದಿ ಮಹಿಳೆಯರು ಹೆಚ್ಚು. ಮುಂಡಗೋಡ, ಹಳಿಯಾಳದ ಕಡೆಯ ಹಳ್ಳಿಗಳಲ್ಲಿ ಈ ಕೆಲಸ ಗಟ್ಟಿಯಾಗಿದೆ. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಮೂಡುವುದುಂಟು. ಆ ಗುರುತು ಬಿಟ್ಟರೆ ಮೂಲೆಯಿಂದ ನಡುವಿಗೆ ಸಾಗುವ ಕ್ರಮ, ಫುಲಾ, ಟಾಕಿನ ಸಾಲು ಎರಡು ಕಡೆಯೂ ಒಂದೇ. ಇಗರ್ಜಿಗೆ ಹೋಗುವವಳೂ ನಮಾಜು ಮಾಡುವ ಮನೆಯವಳೂ ಒಂದೇ ರೀತಿಯಲ್ಲಿ ಬಟ್ಟೆ ತಿರುಗಿಸುತ್ತಾರೆ. ಸಿದ್ದಿಯರೆಂಬ ಒಗ್ಗಟ್ಟಿಗೆ ಸಂಘಟನೆಗಳು, ಮನವಿಪತ್ರಗಳು ಹುಟ್ಟುವ ಮೊದಲೇ ಹೆಂಗಸರ ಕೈಯಲ್ಲಿ ಒಂದು ಹೊಂದಾಣಿಕೆ ಇತ್ತು ಎಂದು ನಾನು ನಂಬುತ್ತೇನೆ.

ಯಲ್ಲಾಪುರದ ಕಡೆ, ಅಡಿಕೆ ತೋಟಗಳ ಆಸರೆಯಲ್ಲಿ ಬೆಳೆದ ಹಿಂದೂ ಸಿದ್ದಿಗಳಲ್ಲಿ, ಕಥೆ ಬೇರೆ. ಅಲ್ಲಿನ ಮಂಚಿಕೇರಿಯಲ್ಲಿ ಕಪ್ಪು ಹೆಣ್ಣು ಕಣ್ಣಿಗೆ ಬಿದ್ದದ್ದು ರಂಗದ ಮೇಲೆ. 1980ರ ದಶಕದಲ್ಲಿ ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ಚಿನುವಾ ಅಚೆಬೆಯ ಕಾದಂಬರಿಯ ರೂಪಾಂತರ ‘ಕಪ್ಪು ಜನ ಕೆಂಪು ನೆರಳು’ ನಾಟಕವನ್ನು ಸಿದ್ದಿಗಳಿಂದಲೇ ಆಡಿಸಿದರು. ಮಂಚಿಕೇರಿಯಿಂದ ಗೀತಾ ಸಿದ್ದಿ, ಗಿರಿಜಾ ಸಿದ್ದಿಯವರಂಥ ರಂಗಕಲಾವಿದೆಯರು ಬಂದರು; ಗಿರಿಜಾ ಅವರು ಹಾಡುಗಾರಿಕೆಯಲ್ಲೂ ಹೆಸರು ಮಾಡಿದರು. ರಂಗದಲ್ಲಿ ಮೈಬಣ್ಣ ಮತ್ತು ಗುಂಗುರು ಕೂದಲು ಎದುರಿಗೇ ಇರುತ್ತವೆ, ಅಡಗಿಸಲಾಗದು. ಶಾಲೆಯಲ್ಲಿ ಕೂದಲೆಳೆದು ನಗುತ್ತಿದ್ದ ಅದೇ ಸಮಾಜದ ಮುಂದೆ ನೆಟ್ಟಗೆ ನಿಲ್ಲುವುದಕ್ಕೆ ಬೇಕಾದ ಧೈರ್ಯವೇ ಬೇರೆ. ಕವಂದಿಯಲ್ಲಿ ಮೈ ಕಾಣುವುದಿಲ್ಲ, ಹೊಲಿದವಳ ಮುಖವೂ ಇಲ್ಲ. ಅದರಿಂದ ಅವಳಿಗೆ ಒಂದು ಬಿಡುಗಡೆ ಸಿಕ್ಕಿದೆ. ನೋಡುವವರ ಕುತೂಹಲವನ್ನು ಬದಿಗಿಟ್ಟು ಬಣ್ಣದ ಬಗ್ಗೆ ಮಾತ್ರ ಯೋಚಿಸುವ ಬಿಡುಗಡೆ ಅದು.

ಆ ಕುತೂಹಲವೇನೂ ಕಡಿಮೆಯದಲ್ಲ. ದಾಂಡೇಲಿ ಸುತ್ತಿನ ಪ್ರವಾಸೋದ್ಯಮಕ್ಕೆ ಸಿದ್ದಿ ನೃತ್ಯ ಸಂಜೆಯ ಮನರಂಜನೆ. ಫೋನು ಹಿಡಿದು ಬರುವವರಿಗೆ ಬೇಕಾದದ್ದು ‘ಭಾರತದೊಳಗಿನ ಆಫ್ರಿಕಾ’. ಇದಕ್ಕೆ ಎದುರಾಗಿ ಕೇತಕಿ ಶೇಠ್ ತೆಗೆದ ಕಪ್ಪು ಬಿಳುಪು ಛಾಯಾಚಿತ್ರಗಳನ್ನು ಇಡಬೇಕು. 2013ರಲ್ಲಿ ಪುಸ್ತಕವಾಗಿ ಬಂದ ಅವುಗಳಲ್ಲಿ ಸಿದ್ದಿಗಳು ಕ್ಯಾಮೆರಾವನ್ನು ತಮ್ಮ ಬಿಗುಮಾನದಲ್ಲೇ ನೋಡುತ್ತಾರೆ. ಆದರೂ ಅದು ಇನ್ನೊಬ್ಬರ ಕಣ್ಣು. ಎಷ್ಟು ಪ್ರೀತಿಯ ಕಣ್ಣಾದರೂ ಚೌಕಟ್ಟು ಸಿದ್ದಿಯರದಲ್ಲ.

ಕವಂದಿಯನ್ನು ಹೊರಜಗತ್ತಿಗೆ ತೋರಿಸಿದವರಲ್ಲಿ ಮುಖ್ಯರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್. ಯೊರುಬಾ ಕಲೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದ್ದ ಅವರು ಉತ್ತರ ಕನ್ನಡಕ್ಕೆ ಬಂದು, ಫುಲಾ, ತಿಕೇಲಿಗಳ ವಿವರವನ್ನು ಹೊಲಿಯುವವರಿಂದಲೇ ಕೇಳಿ ಬರೆದುಕೊಂಡರು. 2004ರ ಸುಮಾರಿಗೆ ಸಿದ್ದಿ ಮಹಿಳೆಯರ ಹೊಲಿಗೆ ಸಹಕಾರ ಬಳಗ ಕಟ್ಟಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ಕವಂದಿಗಳು ತೂಗಿದವು. ಆಫ್ರಿಕನ್ ಅಮೆರಿಕನ್ನರ ಬದುಕಿನ ದಾಖಲೆಗಳ ಮಹಾಭಂಡಾರವದು. ಬೆಂಗಳೂರಿನ ಕಲಾವಿದೆ ಅನಿತಾ ಎನ್. ರೆಡ್ಡಿಯವರೂ ಸಿದ್ದಿ ಹೊಲಿಗೆಗಾರ್ತಿಯರ ಜೊತೆ ಕೆಲಸ ಮಾಡುತ್ತ, ಅವರ ಕವಂದಿಗಳನ್ನು ಸಮಕಾಲೀನ ಕಲೆಯ ಜಾಗಗಳಿಗೆ ತಂದಿದ್ದಾರೆ.

ಹಾರ್ಲೆಮ್‌ನಲ್ಲಿ ಕವಂದಿ ನೋಡಿದವರಿಗೆ ಜೀಸ್ ಬೆಂಡ್ ನೆನಪಾಗುವುದು ಸಹಜ. ಅಲಬಾಮಾದ ನದಿ ತಿರುವಿನಲ್ಲಿರುವ ಆ ಹಳ್ಳಿಯಲ್ಲಿ ತೋಟದ ಒಡೆಯ ಪೆಟ್‌ವೇಯ ಗುಲಾಮರಾಗಿದ್ದವರ ಸಂತತಿ ಇಂದಿಗೂ ಅವನ ಅಡ್ಡಹೆಸರನ್ನೇ ಹೊತ್ತಿದೆ. ಅಲ್ಲಿನ ಹೆಂಗಸರು ಹಳೆಯ ಬಟ್ಟೆಯಿಂದ ಹೊಲಿದ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ನಿನಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ತೋರಿಸಿದಾಗ ವಿಮರ್ಶಕರು ಅವನ್ನು ಆಧುನಿಕ ಅಮೂರ್ತ ಚಿತ್ರಗಳ ಸಾಲಿನಲ್ಲಿಟ್ಟು ಮಾತಾಡಿದರು. 1942ರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬಾಕೆ ತೀರಿಹೋದ ಗಂಡನ ದುಡಿಮೆಯ ಬಟ್ಟೆಗಳನ್ನೇ ಕತ್ತರಿಸಿ ಹೊಲಿದ ಕೌದಿ ಅವುಗಳಲ್ಲಿ ಒಂದು. ಮಸಿ ಹಿಡಿದ ನೀಲಿ, ಮಾಸಿದ ಕಂದು, ಉಟ್ಟು ದುಡಿದ ಸವೆತ ಅದರಲ್ಲಿ ಹಾಗೆಯೇ ಇವೆ. ಮುಂಡಗೋಡ ಕಡೆಯ ಗುಂಜಾವತಿಯದೋ ಮೈನಳ್ಳಿಯದೋ ಸಿದ್ದಿ ಅಜ್ಜಿಯ ಮುಂದೆ ಅದನ್ನು ಹರಡಿದರೆ ಯಾರೂ ವಿವರಿಸಬೇಕಾಗಿ ಬರುವುದಿಲ್ಲ.

ಈ ಹೋಲಿಕೆಯಿಂದ ಹುಟ್ಟುವ ವಾದವೊಂದಿದೆ: ಎದುರುಬದುರಾಗುವ ಗಾಢ ಬಣ್ಣ, ತಾಳ ತಪ್ಪಿಸಿ ತಾಳ ಹಿಡಿಯುವ ವಿನ್ಯಾಸ, ಇವೆಲ್ಲ ಆಫ್ರಿಕಾದಿಂದ ರಕ್ತದಲ್ಲಿ ಬಂದವು. ಕೇಳಲು ಚೆನ್ನಾಗಿದೆ, ಒಪ್ಪುವುದು ಕಷ್ಟ. ಸಿದ್ದಿಯರ ಸುತ್ತಮುತ್ತ ಕೌದಿ ಹೊಲಿಯದವರು ಯಾರಿದ್ದಾರೆ? ಧಾರವಾಡ, ಬೆಳಗಾವಿಯ ಬಯಲುಸೀಮೆಯ ಮನೆಮನೆಯಲ್ಲೂ ಕೌದಿಯಿದೆ. ಲಂಬಾಣಿಗರ ಸೂಜಿಯ ಕೆಲಸವಿದೆ. ಗೋವೆ, ಮಹಾರಾಷ್ಟ್ರದ ಕಡೆಯ ಗೋಧಡಿಯಿದೆ. ಹೊಲಿಯುವುದನ್ನು ಸಿದ್ದಿಯರು ಈ ನೆಲದಲ್ಲೇ, ಈ ನೆರೆಹೊರೆಯಲ್ಲೇ ಕಲಿತಿರಬಹುದು. ಜೀಸ್ ಬೆಂಡ್‌ನವರ ಪೂರ್ವಜರೂ ಸಿದ್ದಿಯರ ಪೂರ್ವಜರೂ ಆಫ್ರಿಕಾದ ಒಂದೇ ಮೂಲೆಯಿಂದ ಬಂದವರಲ್ಲ. ಬೇರೆ ಬೇರೆ ನುಡಿಯ, ಬೇರೆ ಬೇರೆ ನೇಯ್ಗೆಯ ಜನರನ್ನು ಒಂದೇ ‘ಆಫ್ರಿಕಾ’ ಎಂದು ಕಟ್ಟಿದರೆ ಗುಲಾಮರ ವ್ಯಾಪಾರಿ ಮಾಡಿದ ಎಣಿಕೆಯನ್ನೇ ಮುಂದುವರಿಸಿದ ಹಾಗಾಗುತ್ತದೆ. ಎರಡು ಕಡೆಯ ಹೆಂಗಸರಲ್ಲಿ ಖಚಿತವಾಗಿ ಕಾಣುವ ಸಾಮ್ಯ ಬೇರೆಯೇ ಇದೆ: ಇನ್ನೊಬ್ಬರ ಹೊಲದಲ್ಲಿ ದುಡಿದ ದಿನದ ಕೊನೆಗೆ ಉಳಿದ ಹೊತ್ತು, ಸವೆದ ಬಟ್ಟೆ, ಮತ್ತು ಬಣ್ಣದ ವಿಷಯದಲ್ಲಿ ಯಾರ ಅಪ್ಪಣೆಯೂ ಬೇಡ ಎಂಬ ನಿರ್ಧಾರ.

ಹಾಗೆಂದು ಆಫ್ರಿಕಾದ ನಂಟನ್ನು ಪೂರ್ತಿ ಬಿಟ್ಟುಬಿಡಬೇಕೆಂದಲ್ಲ. ಹಾರ್ಲೆಮ್‌ನಲ್ಲಿ ತಮ್ಮ ಕವಂದಿ ತೂಗಿತು ಎಂದ ಮೇಲೆ ದೂರದಲ್ಲಿ ತಮ್ಮಂಥವರೇ ಇದ್ದಾರೆ ಎಂಬ ಅರಿವು ಒಂದು ಹಳ್ಳಿಗೆ ಬರುತ್ತದೆ. ಇದನ್ನು ಸಣ್ಣದೆಂದು ನಾನು ಭಾವಿಸುವುದಿಲ್ಲ. ಆ ನಂಟು ಹಿಂದಿನಿಂದ ಹರಿದು ಬಂದದ್ದು ಎಂಬುದಕ್ಕಿಂತ ಈಗ, ಈ ಕಾಲದಲ್ಲಿ ಹೆಂಗಸರು ಕಟ್ಟಿಕೊಳ್ಳುತ್ತಿರುವುದು ಎನ್ನುವುದು ಹೆಚ್ಚು ಸರಿ.

ಇತರ ದೇಶಗಳ ಕಪ್ಪು ಕಲಾವಿದೆಯರು ಬಟ್ಟೆಯನ್ನು ಹೇಗೆ ಬಳಸಿದರು ಎಂದು ನೋಡಿದರೆ ಕವಂದಿಯ ವಿಶೇಷ ಇನ್ನಷ್ಟು ತಿಳಿಯುತ್ತದೆ. ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ ಬೈಬಲಿನ ಕಥೆಗಳನ್ನು ಬಟ್ಟೆಯ ಆಕೃತಿಗಳಾಗಿ ಕತ್ತರಿಸಿ ಕೌದಿಗೆ ಹೊಲಿದಳು. ಕಷ್ಟದ ಕಾಲದಲ್ಲಿ, 1891ರಲ್ಲಿ, ಅದನ್ನು 5 ಡಾಲರಿಗೆ ಮಾರಬೇಕಾಯಿತು; ಈಗ ಅದು ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ನ್ಯೂಯಾರ್ಕಿನ ಫೇತ್ ರಿಂಗೋಲ್ಡ್ ತನ್ನ ಆತ್ಮಕಥೆಗೆ ಪ್ರಕಾಶಕರು ಸಿಗದಿದ್ದಾಗ ಕೌದಿಯ ಮೇಲೆಯೇ ಕಥೆ ಬರೆಯತೊಡಗಿದರು. 1983ರಲ್ಲಿ ಶುರುವಾದ ಆ ಕಥಾಕೌದಿಗಳು 2024ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅಮೆರಿಕದ ಕಲೆಯ ಚರಿತ್ರೆಯ ಭಾಗವಾಗಿದ್ದವು. ಜಾಂಜಿಬಾರಿನಲ್ಲಿ ಹುಟ್ಟಿದ ಲುಬೈನಾ ಹಿಮಿದ್, 2017ರಲ್ಲಿ ಬ್ರಿಟನ್ನಿನ ಟರ್ನರ್ ಪ್ರಶಸ್ತಿ ಪಡೆದವರು, ಪೂರ್ವ ಆಫ್ರಿಕಾದ ಹೆಂಗಸರು ಉಡುವ ಕಾಂಗಾ ಬಟ್ಟೆಯಿಂದ ಪ್ರೇರಣೆ ಪಡೆದಿದ್ದಾರೆ. ಈ ಮೂವರೂ ಕಥೆ ಹೇಳುತ್ತಾರೆ, ಆಕೃತಿ ಬರೆಯುತ್ತಾರೆ. ಕವಂದಿ ಕಥೆ ಹೇಳುವುದಿಲ್ಲ. ಗಂಡನ ಲುಂಗಿ, ಮಗಳ ಶಾಲೆಯ ಲಂಗ, ಒಡೆಯನ ಮನೆಯಿಂದ ಬಂದ ಹಳೆಯ ಸೀರೆ ಇವೆಲ್ಲ ಅದರಲ್ಲಿ ಕೂಡಿ ಕೂರುತ್ತವೆ. ಯಾವುದು ಎಲ್ಲಿಂದ ಬಂತು ಎಂದು ಮನೆಯವರಿಗೆ ಮಾತ್ರ ಗೊತ್ತು. ಹೊರಗಿನವರಿಗೆ ಬಣ್ಣ ಕೊಟ್ಟು, ಕಥೆಯನ್ನು ಮನೆಯೊಳಗೇ ಉಳಿಸಿಕೊಂಡಿದೆ.

ಮಾರುಕಟ್ಟೆ ಬಂದಾಗ ತೊಡಕು ಶುರುವಾಗುವುದೂ ಇಲ್ಲಿಯೇ. ಕೊಳ್ಳುವವರಿಗೆ ಮಾಸದ, ಚೊಕ್ಕ ಬಟ್ಟೆ ಬೇಕು; ಅವರ ಮಂಚದ ಅಳತೆ, ಅವರ ಗೋಡೆಯ ಬಣ್ಣಕ್ಕೆ ಹೊಂದಬೇಕು. ಆಗ ಹೊಸ ಬಟ್ಟೆ ತಂದು ಕತ್ತರಿಸಬೇಕಾಗುತ್ತದೆ. ಉಟ್ಟು ಸವೆದ ಬಟ್ಟೆ ಹೋದರೆ ಕವಂದಿಯ ಒಳಗಿನ ಅರ್ಧ ಹೋದಂತೆ. ಆದರೆ ಶುದ್ಧತೆಯ ಹೆಸರಿನಲ್ಲಿ ‘ಹಳೆಯದನ್ನೇ ಹೊಲಿಯಿರಿ’ ಎಂದು ಹೇಳುವ ಹಕ್ಕು ನನಗಿಲ್ಲ, ಯಾವ ಗ್ಯಾಲರಿಗೂ ಇಲ್ಲ. ಹೊಸ ಬಟ್ಟೆ ಕೊಳ್ಳುವ ಶಕ್ತಿ ಬರುವುದೂ, ಆಯ್ದ ಬಣ್ಣವನ್ನೇ ತರುವುದೂ ಕಲಾವಿದೆಯ ಸ್ವಾತಂತ್ರ್ಯವೇ. ಕೇಳಬೇಕಾದ ಪ್ರಶ್ನೆ ಬಣ್ಣ ಯಾರು ಆರಿಸಿದರು ಎಂಬುದು. ಜೀಸ್ ಬೆಂಡ್‌ನಲ್ಲಿ ಕೀರ್ತಿ ಬಂದ ಐದೇ ವರ್ಷಕ್ಕೆ, 2007ರಲ್ಲಿ, ಕೆಲವು ಕೌದಿಗಾರ್ತಿಯರು ತಮಗೆ ಬರಬೇಕಾದದ್ದು ಬರಲಿಲ್ಲವೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದರು, ಮರುವರ್ಷ ರಾಜಿಯಾಯಿತು. ವಿನ್ಯಾಸ ಯಾರದು, ಅದನ್ನು ಚಹಾ ಕಪ್ಪಿಗೂ ಕಾಗದಕ್ಕೂ ಅಚ್ಚು ಹಾಕಿ ಮಾರುವ ಹಕ್ಕು ಯಾರದು ಎಂಬ ಮಾತು ನಮ್ಮ ಜಿಲ್ಲೆಯಲ್ಲೂ ಈಗಲೇ ಬರಹದಲ್ಲಿ ಇತ್ಯರ್ಥವಾಗಲಿ.

ಇನ್ನೊಂದು ಕೆಲಸ ನಮ್ಮ ಸಂಗ್ರಹಾಲಯಗಳದ್ದು. ಅಮೆರಿಕದಲ್ಲಿ ಕವಂದಿ ನೋಡಬಹುದು ಎಂದಾದರೆ ಕಾರವಾರದಲ್ಲಿ, ಶಿರಸಿಯಲ್ಲಿ, ಧಾರವಾಡದಲ್ಲಿ ಯಾಕಾಗಬಾರದು? ಸಂಗ್ರಹಿಸುವುದೆಂದರೆ ‘ಸಿದ್ದಿ ಜನಾಂಗದ ಹೊದಿಕೆ’ ಎಂಬ ಚೀಟಿ ಅಂಟಿಸುವುದಲ್ಲ. ಹೊಲಿದವಳ ಹೆಸರು, ಊರು, ಯಾರಿಗಾಗಿ ಹೊಲಿದದ್ದು, ಯಾವ ತುಂಡು ಯಾರ ಬಟ್ಟೆ ಎಂಬುದನ್ನು ಅವಳ ಒಪ್ಪಿಗೆ ಪಡೆದು, ಅವಳ ಮಾತಿನಲ್ಲೇ ಬರೆದುಕೊಳ್ಳಬೇಕು. ಹೇಳಲು ಇಷ್ಟವಿಲ್ಲದ್ದನ್ನು ಕೆದಕಬಾರದು. ಬಳಸಿದ ಕವಂದಿ ಬಹುಕಾಲ ಬಾಳುವುದಿಲ್ಲ. ಮಳೆಗಾಲದ ತೇವ, ಒಗೆತದ ಕಲ್ಲು, ಮಕ್ಕಳ ಕಾಲು ಎಲ್ಲ ಸೇರಿ ಅದನ್ನು ಸವೆಸುತ್ತವೆ. ಎಲ್ಲಕ್ಕಿಂತ ಬೇಗ ಹೋಗುವವು ತೊಟ್ಟಿಲಿನ ಸಣ್ಣ ಕವಂದಿಗಳು. ತಿಕೇಲಿಯ ಅತಿ ಹೆಚ್ಚು ಧಾರಾಳತನ ಇರುವುದು ಅವುಗಳಲ್ಲೇ, ಪ್ರದರ್ಶನಕ್ಕೆ ಅಳತೆ ಸಾಲದೆಂದು ಹೊರಗುಳಿಯುವ ಅಪಾಯ ಇರುವುದೂ ಅವುಗಳಿಗೇ. ಸಂಗ್ರಹ ಶುರುಮಾಡುವವರು ಮೊದಲು ಅವನ್ನೇ ಕೇಳಬೇಕು, ಮತ್ತು ದೊಡ್ಡ ಕವಂದಿಗೆ ಕೊಡುವಷ್ಟೇ ಬೆಲೆಯನ್ನು ಅವುಗಳಿಗೂ ಕೊಡಬೇಕು.